ಹೊಗಳಿಕೆಗೆ ಕೆಂಪು ಚೀಟಿ

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಹೊಗಳಿಕೆ. ಹಿತ್ತಾಳೆಯದು, ಮರದ್ದು, ಗಾಜಿನದು, ಕೊಳ್ಳುವವರ ಶಕ್ತಿಗೆ ತಕ್ಕಂತೆ. ಓಟದಲ್ಲಿ ಗೆದ್ದವರ ಪದಕ, ನಿವೃತ್ತರಾಗುವ ಮೇಷ್ಟರ ಫಲಕ, ವಿಮೆ ಕಂಪನಿಯ ಅತ್ಯುತ್ತಮ ಏಜೆಂಟನಿಗೆ ಕೊಡುವ ಎರಡು ಕಿವಿಯ ದೊಡ್ಡ ಕಪ್, ಎಲ್ಲವೂ ನಮ್ಮ ಕೈ ದಾಟಿಯೇ ಹೋಗಬೇಕು. ಈ ಊರಿನಲ್ಲಿ ಯಾರ ಮನೆಯ ಗಾಜಿನ ಕಪಾಟು ನೋಡಿದರೂ ನಮ್ಮದೊಂದು ಸಾಮಾನು ಗತ್ತಿನಿಂದ ಕೂತಿರುತ್ತದೆ. ನಮ್ಮ ಮನೆಯ ಕಪಾಟುಗಳನ್ನು ಬಿಟ್ಟು. ನಮ್ಮ ಕಪಾಟಿನಲ್ಲಿ ಬಟ್ಟೆ ಇರುತ್ತದೆ.

ನನ್ನದು ಕೊನೆಯ ಮೇಜು, ತಪಾಸಣೆ. ಕಿಟಕಿಯ ಪಕ್ಕ ಕೂತು, ಬಂದ ಸಾಮಾನನ್ನು ಬೆಳಕಿಗೆ ಹಿಡಿದು ತಿರುಗಿಸುತ್ತೇನೆ. ಗೀರು, ಕಲೆ, ಓರೆ, ಏನು ಕಂಡರೂ ಒಂದು ಕೆಂಪು ಚೀಟಿ ಅಂಟಿಸಿ ವಾಪಸ್ ಬುಟ್ಟಿಗೆ ಹಾಕುತ್ತೇನೆ. ಏನೂ ಕಾಣದಿದ್ದರೆ ಬಾಯಿ ಮುಚ್ಚಿಕೊಂಡು ಪ್ಯಾಕಿಂಗ್ ಕಡೆ ತಳ್ಳುತ್ತೇನೆ. ನನ್ನನ್ನು ಎಲ್ಲರೂ ಬೆನ್ನ ಹಿಂದೆ ಕೊಂಕಕ್ಕ ಅನ್ನುತ್ತಾರೆ. ಎದುರಿಗೂ ಹಾಗೇ ಅನ್ನುತ್ತಾರೆ. ನನಗೇನೂ ಬೇಜಾರಿಲ್ಲ. ಕೊಂಕು ಹುಡುಕುವುದಕ್ಕೇ ಸಂಬಳ ಕೊಡುತ್ತಿರುವಾಗ ಭಲೇ ಭೇಷ್ ಅನ್ನುತ್ತಾ ಕೂರಲು ನನಗೇನು ತಲೆ ಕೆಟ್ಟಿದೆಯೇ?

ಈ ಚಾಳಿ ಮನೆಯವರೆಗೂ ಬಂದಿದೆ ಅನ್ನುವುದನ್ನು ಒಪ್ಪುತ್ತೇನೆ. ನನ್ನ ಗಂಡ ಕುಡಿಯಲು ನೀರು ಕೊಟ್ಟರೆ ನಾನು ಮೊದಲು ಲೋಟವನ್ನು ಬೆಳಕಿಗೆ ಹಿಡಿಯುತ್ತೇನೆ. ಅವರು ಕೈ ಕಟ್ಟಿಕೊಂಡು ನಿಂತು, "ಪಾಸಾ, ಫೇಲಾ?" ಎಂದು ಕೇಳುತ್ತಾರೆ.

ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಪಾಲಿಶ್ ಚಕ್ರ ಇದೆ. ಅದರ ಮುಂದೆ ಕೂರುವವಳನ್ನು ಎಲ್ಲರೂ ಪಾಲಿಶಮ್ಮ ಅನ್ನುತ್ತಾರೆ. ನನ್ನ ವಯಸ್ಸಿನವಳೇ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಸಂಜೆ ಹೊತ್ತಿಗೆ ಹುಬ್ಬಿನ ಮೇಲೆಲ್ಲ ಕಪ್ಪು ಪುಡಿ. ಕಿಲುಬು ಹಿಡಿದ ಹಿತ್ತಾಳೆಯ ತುಂಡನ್ನು ಅವಳ ಕೈಗೆ ಕೊಟ್ಟರೆ ಅದು ನೀರಿನ ಹಾಗೆ ಹೊಳೆಯುತ್ತಾ ಹೊರಬರುತ್ತದೆ. ಅವಳಿಗೆ ಲೋಕದಲ್ಲಿ ಇರುವ ಶತ್ರು ಒಂದೇ, ಮನುಷ್ಯರ ಬೆರಳು. ಪಾಲಿಶ್ ಆದ ಸಾಮಾನನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಒಳಗಿನಿಂದಲೇ "ಕೈ!" ಎಂದು ಕಿರುಚುತ್ತಾಳೆ. ಗೋಡೆಯಾಚೆಗೆ ಅದು ಹೇಗೆ ಗೊತ್ತಾಗುತ್ತದೋ ನಾ ಕಾಣೆ. ಒಮ್ಮೆ ಸಾಮಾನು ತೆಗೆದುಕೊಳ್ಳಲು ಬಂದ ದೊಡ್ಡ ಅಧಿಕಾರಿಯೊಬ್ಬರು ಆ ಕೂಗಿಗೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದರು.

ಮಧ್ಯಾಹ್ನ ನಾವಿಬ್ಬರೂ ಹಿಂಬಾಗಿಲ ಬೆಂಚಿನ ಮೇಲೆ ಕೂತು ಉಣ್ಣುತ್ತೇವೆ. ಅವಳ ಡಬ್ಬಿಯ ಅರ್ಧ ನನಗೆ, ನನ್ನದರ ಅರ್ಧ ಅವಳಿಗೆ. ಇದು ಎಷ್ಟು ಹಳೆಯ ಏರ್ಪಾಡೆಂದರೆ, ನನ್ನ ಗಂಡ ಅಡುಗೆಗೆ ಉಪ್ಪು ಹಾಕುವುದೂ ಅವಳ ನಾಲಿಗೆಯನ್ನು ಲೆಕ್ಕಕ್ಕೆ ಹಿಡಿದೇ.

ಒಂದು ದಿನ ಅವಳು ಡಬ್ಬಿ ತೆರೆಯದೆ ಕೂತಳು.

"ನಿನ್ನೆ ಆ ಕ್ಲಬ್ಬಿನವನು ಬಂದಿದ್ನಲ್ಲ, ದೊಡ್ಡ ಕಪ್ ತಗೊಂಡು ಹೋಗೋಕೆ. ನೋಡ್ದೆಯಾ?"

"ನೋಡ್ದೆ."

"ಕಪ್ ಎತ್ತಿ ಹಿಡಿದ. ಅದರಲ್ಲಿ ಮುಖ ನೋಡ್ಕೊಂಡ. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚ್ಕೊಂಡ. ಮೀಸೆ ತಿದ್ದಿದ. ಹೊರಟೋದ."

"ಅದಕ್ಕೇನೀಗ?"

"ಏನಿಲ್ಲ. ತೋಳು ಬಿದ್ದುಹೋಗೋ ಹಾಗೆ ಉಜ್ಜಿದ್ದೆ ಅದನ್ನ. ಅವನಿಗೆ ಕಂಡಿದ್ದು ಅವನ ಮೀಸೆ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಅಂದಳು, "ಚೌಕದಲ್ಲಿ ನಮ್ಮಂಥದ್ದೇ ಹೊಸ ಅಂಗಡಿ ಆಗಿದೆಯಲ್ಲ, ಅವರು ಕರೀತಿದಾರೆ. ಪಾಲಿಶ್ ವಿಭಾಗಕ್ಕೆಲ್ಲ ನಾನೇ ಮೇಲಿನವಳಂತೆ. ಈ ತಿಂಗಳು ಮುಗಿಸಿ ಹೋಗ್ತೀನಿ."

ನನ್ನ ಎದೆ ಧಸಕ್ ಎಂದಿತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು, "ಹೋಗೋದಾದ್ರೆ ಹೋಗು. ನನ್ನನ್ಯಾಕೆ ಕೇಳ್ತೀಯಾ?" ಅಂದಿತು.

"ಕೇಳ್ತಿಲ್ಲ, ಹೇಳ್ತಿದೀನಿ." ಅವಳು ನನ್ನ ಕಡೆ ತಿರುಗಿದಳು. "ಇಷ್ಟು ವರ್ಷದಿಂದ ನನ್ನ ಸಾಮಾನೆಲ್ಲ ನಿನ್ನ ಕೈಗೇ ಬಂದಿದೆ. ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಅಂದಿದೀಯಾ?"

"ಚೀಟಿ ಅಂಟಿಸಿದೀನಾ?"

"ಇಲ್ಲ."

"ಮತ್ತೆ?"

ಅವಳು ಡಬ್ಬಿ ತೆರೆಯದೇ ಎದ್ದು ಒಳಗೆ ಹೋದಳು. ನಾನು ನನ್ನ ಡಬ್ಬಿಯ ಅವಳ ಪಾಲಿನ ಅರ್ಧವನ್ನು ನೋಡುತ್ತಾ ಕೂತೆ. ನನ್ನ ಮಗಳ ಹೆರಿಗೆಯ ದಿನ ಆಸ್ಪತ್ರೆಯ ಹೊರಗೆ ನನ್ನ ಜೊತೆ ಕೂತವಳು ಇವಳು. ಇವಳು ಹೋದರೆ ಆ ಬೆಂಚಿನ ಮೇಲೆ ನಾನೊಬ್ಬಳೇ ಕೂತು ಉಣ್ಣಬೇಕು. ಹೋಗಬೇಡ ಕಣೇ ಅಂತ ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಕೊಂಕು ಆಡಿ ಆಡಿ ನೆಟ್ಟಗಿನ ಮಾತು ಆಡುವ ಅಭ್ಯಾಸವೇ ನನ್ನ ನಾಲಿಗೆಗೆ ತಪ್ಪಿಹೋಗಿತ್ತು.

ಈ ಸುದ್ದಿ ಸಣ್ಣ ಯಜಮಾನರಿಗೆ ಮುಟ್ಟಿದಾಗ ಅವರು ತಲೆಯ ಮೇಲೆ ಕೈಹೊತ್ತು ಕೂತರು. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಕಾರ್ಖಾನೆ ಮಗನ ಕೈಗೆ ಬಂದಿತ್ತು. ಒಳ್ಳೆಯ ಹುಡುಗ. ನಮ್ಮನ್ನೆಲ್ಲ ಅಣ್ಣ, ಅಕ್ಕ, ಮಾವ ಎಂದೇ ಕರೆಯುತ್ತಾನೆ. ಆದರೆ ಕಷ್ಟ ಬಂದರೆ ಎಲ್ಲಾದರೂ ಹೋಗಿ ಒಂದು ತರಬೇತಿ ಪಡೆದು ಬರುವ ರೋಗ ಇದೆ. ಈ ಸಲವೂ ಹೋದ. ಮೇಲೆ ಬಿದ್ದು ಕೆಲಸಗಾರರನ್ನು ಪ್ರೀತಿಸುವುದು ಹೇಗೆ ಅನ್ನುವ ವಿಷಯವಂತೆ. ಮರಳಿ ಬಂದಾಗ ಅವನ ಕಣ್ಣು ಪಾಲಿಶಮ್ಮನ ಕೈಯಿಂದ ಬಂದ ಹಾಗೆ ಹೊಳೆಯುತ್ತಿತ್ತು.

"ಇವತ್ತಿಂದ ಇದು ಕಾರ್ಖಾನೆ ಅಲ್ಲ, ಮನೆ," ಎಂದು ಸಾರಿದ. "ಮೆಚ್ಚುಗೆ ಅನ್ನೋದು ಎಲ್ಲರಿಗೂ ಒಂದೇ ಅಳತೆಯ ಅಂಗಿ ಆಗಬಾರದು. ಅವರವರ ಮೈಗೆ ಹೊಲಿಸಿದ್ದಾಗಿರಬೇಕು."

ಕಪ್‌ಗಳಿಗೆ ಕಿವಿ ಬೆಸೆಯುವ ನಮ್ಮ ಬೆಸುಗೆಯಣ್ಣ ಕೈ ಎತ್ತಿ ಕೇಳಿದ, "ಅಂಗಿ ಯಾವಾಗ ಕೊಡ್ತೀರಿ?"

ಮೊದಲು ಬಂದದ್ದು ಒಂದು ಗಂಟೆ. ಯಾರಾದರೂ ಒಳ್ಳೆಯ ಕೆಲಸ ಮಾಡಿದ್ದನ್ನು ಕಂಡವರು ಅದನ್ನು ಬಾರಿಸಬೇಕಂತೆ. ಊಟದ ಗಂಟೆಯೂ ಹಾಗೇ ಕೇಳುತ್ತಿದ್ದುದರಿಂದ, ಯಾರನ್ನಾದರೂ ಮೆಚ್ಚಿದಾಗಲೆಲ್ಲ ಉಳಿದವರು ಕೈ ತೊಳೆಯಲು ಹೊರಡುತ್ತಿದ್ದರು. ಆಮೇಲೆ ಪ್ರತಿ ಮೇಜಿಗೂ ಒಂದೊಂದು ಹೂಕುಂಡ ಬಂತು. ಬೆಸುಗೆಯಣ್ಣನ ಮೇಜಿನ ಗಿಡ ಬೆಂಕಿಯ ಝಳಕ್ಕೆ ಆ ದಿನವೇ ಪ್ರಾಣ ಬಿಟ್ಟಿತು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಸಣ್ಣ ಯಜಮಾನ ಒಬ್ಬೊಬ್ಬರ ಹತ್ತಿರವೂ ಬಂದು, ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ಮನಸ್ಸು ಹೇಗಿದೆ?" ಎಂದು ವಿಚಾರಿಸತೊಡಗಿದ. ಹೆಸರು ಕೆತ್ತುವ ಅಕ್ಷರದ ಮಾವ ಮಾತು ಕಡಿಮೆಯ ಮನುಷ್ಯ. ಸೂಜಿ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿ, "ಅಲ್ಲೇ ಇದೆ," ಎಂದರು.

ಪಾಲಿಶಮ್ಮನ ಕೋಣೆಯಲ್ಲಿ ಚಕ್ರದ ಸದ್ದಿಗೆ ಏನೂ ಕೇಳಿಸುವುದಿಲ್ಲ. ಸಣ್ಣ ಯಜಮಾನ ಅವಳ ಕಿವಿಯ ಹತ್ತಿರ ಬಾಯಿಟ್ಟು ಗಂಟಲು ಹರಿಯುವಂತೆ ಕಿರುಚಿದ, "ನೀವು ಇಲ್ಲದಿದ್ರೆ ನಾನು ಬದುಕೋದಿಲ್ಲಾ!" ಅದೇ ಹೊತ್ತಿಗೆ ಕರೆಂಟು ಹೋಗಿ ಚಕ್ರ ನಿಂತಿತು. ಮಾತು ರಸ್ತೆಯವರೆಗೂ ಕೇಳಿಸಿತು. ಎದುರಿನ ಅಂಗಡಿಯವರು ಬಾಗಿಲಿಗೆ ಬಂದು ನಿಂತರು. ಪಾಲಿಶಮ್ಮ ಕನ್ನಡಕ ತೆಗೆದು, "ಕಿವಿ ಇದೆ ಕಣಪ್ಪ ನನಗೆ," ಎಂದಷ್ಟೇ ಹೇಳಿದಳು. ಆ ಸಂಜೆ ಅವನ ಹೆಂಡತಿ ಏನೋ ನೆಪ ಮಾಡಿಕೊಂಡು ಕಾರ್ಖಾನೆಗೆ ಬಂದು, ಹುಬ್ಬಿನ ಮೇಲೆ ಕಪ್ಪು ಪುಡಿ ಮೆತ್ತಿಕೊಂಡಿದ್ದ ಪಾಲಿಶಮ್ಮನನ್ನು ಒಂದು ಗಳಿಗೆ ನೋಡಿ ನಿರುಮ್ಮಳವಾಗಿ ಮನೆಗೆ ಹೋದಳು.

ಇದ್ಯಾವುದಕ್ಕೂ ಪಾಲಿಶಮ್ಮ ಜಗ್ಗಲಿಲ್ಲ. ತಿಂಗಳು ಸವೆಯುತ್ತಿತ್ತು. ನಾವು ಅದೇ ಬೆಂಚಿನ ಮೇಲೆ ಉಣ್ಣುತ್ತಿದ್ದೆವು, ಅರ್ಧ ಅರ್ಧ ಹಂಚಿಕೊಳ್ಳುತ್ತಿದ್ದೆವು, ಹೋಗುವ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಆಗ ಸಣ್ಣ ಯಜಮಾನ ತನ್ನ ಕೊನೆಯ ಬಾಣ ಬಿಟ್ಟ. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೇಜಿನ ಮೇಲಿನ ಬಟ್ಟೆ ಸರ್ರನೆ ಎಳೆದ. ಅಡಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫಲಕ. ಒಬ್ಬೊಬ್ಬರ ಗುಣವನ್ನೂ ಬೇರೆ ಬೇರೆಯಾಗಿ ವರ್ಣಿಸಿ ಕೆತ್ತಿಸಿದ್ದು. ಹುಡುಗ ನಿಜವಾಗಿಯೂ ಯೋಚಿಸಿ ಬರೆದಿದ್ದ. ಬೆಸುಗೆಯಣ್ಣನದರಲ್ಲಿ "ಬಿಟ್ಟು ಹೋದದ್ದನ್ನು ಕೂಡಿಸುವವರು" ಎಂದಿತ್ತು. ನನ್ನದರಲ್ಲಿ "ಯಾವುದೂ ತಪ್ಪಿಸಿಕೊಳ್ಳಲಾಗದ ಕಣ್ಣು" ಎಂದಿತ್ತು.

ಆದರೆ ಅದನ್ನೆಲ್ಲ ನಾನು ಓದಿದ್ದು ಆಮೇಲೆ. ನಮ್ಮ ಕೈಗೆ ಫಲಕ ಕೊಟ್ಟರೆ ನಾವು ಓದುವವರಲ್ಲ.

ಬೆಸುಗೆಯಣ್ಣ ಅಂಗೈಯಲ್ಲಿ ತೂಗಿ ನೋಡಿ, ಬೆರಳ ಗಿಣ್ಣಿನಿಂದ ತಟ್ಟಿ, "ಒಳಗೆ ಟೊಳ್ಳು," ಎಂದ. ಅಕ್ಷರದ ಮಾವ ಕೊರಳಿಗೆ ನೇತುಹಾಕಿಕೊಂಡ ಭೂತಗನ್ನಡಿ ಕಣ್ಣಿಗಿಟ್ಟು ಮುಖ ಸಿಂಡರಿಸಿ, "ಮಷೀನಿಂದು. ಸಾಲೆಲ್ಲ ಬಲಕ್ಕೆ ಇಳಿಜಾರು," ಎಂದರು. ಪ್ಯಾಕಿಂಗ್‌ನವಳು, ಪೆಟ್ಟಿಗೆಗೆ ಎರಡು ಹಾಳೆ ಕಾಗದ ಹಾಕೋಕೂ ಗತಿ ಇಲ್ವಾ ಅವರಿಗೆ ಎಂದು ಗೊಣಗಿದಳು. ನಾನು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಅಂಟು ಮೆತ್ತಿತ್ತು, ಮೂಲೆಯಲ್ಲಿ ಗೀರು. ದೇವರಾಣೆಗೂ ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿ ಹೋಗಿ ಕೆಂಪು ಚೀಟಿ ತೆಗೆಯಿತು, ಅಂಟಿಸಿತು, ಬುಟ್ಟಿಗೆ ಹಾಕಿತು. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮದನ್ನು ನನ್ನ ಮುಂದೆ ಹಿಡಿದರು. ನಾನು ಅಂಟಿಸುತ್ತಾ ಹೋದೆ. ತಲೆ ಎತ್ತಿ ನೋಡಿದರೆ ಸಣ್ಣ ಯಜಮಾನನ ಪ್ರೀತಿಯೆಲ್ಲ ಕೆಂಪು ಚೀಟಿ ಹೊತ್ತು ವಾಪಸ್ ಬುಟ್ಟಿಯಲ್ಲಿ ಬಿದ್ದಿತ್ತು.

"ಇದನ್ನ ಎಲ್ಲಿ ಮಾಡಿಸಿದ್ದು?" ಅಕ್ಷರದ ಮಾವ ಕೇಳಿದರು.

"ಚೌಕದ ಹೊಸ ಅಂಗಡಿಲಿ," ಅವನು ನೆಲ ನೋಡುತ್ತಾ ಹೇಳಿದ. "ಇಲ್ಲೇ ಮಾಡಿಸಿದ್ರೆ ನಿಮಗೆ ಮೊದಲೇ ಗೊತ್ತಾಗಿ ಹೋಗ್ತಿತ್ತಲ್ಲ. ಆಶ್ಚರ್ಯ ಆಗಲಿ ಅಂತ..."

ಆಶ್ಚರ್ಯವೇನೋ ಆಯಿತು. ನನಗೆ ಒಳಗೊಳಗೇ ಖುಷಿಯೂ ಆಯಿತು. ಈ ದರಿದ್ರ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಪಾಲಿಶಮ್ಮ ಆ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದುಕೊಂಡೆ. ಅವಳು ತನ್ನ ಫಲಕವನ್ನು ಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು.

"ಇದಕ್ಕೆ ಪಾಲಿಶ್ ಅಂತಾರಾ ಅವರು?" ಎಂದಳು. "ಮೇಣ ಬಳಿದು ಕೈ ತೊಳ್ಕೊಂಡಿದಾರೆ."

"ಅದನ್ನೇ ನಾನೂ ಅಂದಿದ್ದು!" ಎಂದೆ. ನಾನು ಏನೂ ಅಂದಿರಲಿಲ್ಲ.

"ಪಾಪ, ಅಲ್ಲಿ ಗೊತ್ತಿರೋರು ಒಬ್ರೂ ಇಲ್ಲ." ಅವಳು ನಿಟ್ಟುಸಿರು ಬಿಟ್ಟಳು. "ನಾನು ಬೇಗ ಹೋಗೋದೇ ಒಳ್ಳೇದು."

ನನ್ನ ಖುಷಿ ಅಲ್ಲಿಗೆ ಮುಗಿಯಿತು.

ಎಲ್ಲರೂ ತಂತಮ್ಮ ಮೇಜಿಗೆ ಹೋದ ಮೇಲೆ ಸಣ್ಣ ಯಜಮಾನ ನನ್ನ ಪಕ್ಕ ಬಂದು ಸ್ಟೂಲಿನ ಮೇಲೆ ಕುಸಿದ. "ಅಪ್ಪ ಒಂದು ದಿನಾನೂ ಯಾರನ್ನೂ ಹೊಗಳಲಿಲ್ಲ ಅಕ್ಕಾ. ಆದ್ರೂ ಯಾರೂ ಬಿಟ್ಟು ಹೋಗಲಿಲ್ಲ. ನಾನು ಇಷ್ಟು ಒದ್ದಾಡ್ತಿದೀನಿ, ನನ್ನ ಕಾಲದಲ್ಲೇ ಹೋಗ್ತಾರೆ."

ನನಗೆ ಅಯ್ಯೋ ಅನ್ನಿಸಿತು. "ಅವಳಿಗೆ ಏನಾದ್ರೂ ಕೊಡ್ಲೇಬೇಕು ಅಂದ್ರೆ ನಾವೇ ಮಾಡೋಣ," ಎಂದೆ. "ಹೊರಗಿನ ಕೈ ಬೇಡ."

ಹಾಗೆ ಅದು ಶುರುವಾಯಿತು. ಬೆಸುಗೆಯಣ್ಣ ಎರಡು ಕಿವಿಯ ಕಪ್ ಕೂಡಿಸಿದ. ಅಷ್ಟು ನಯವಾದ ಬೆಸುಗೆ ಅವನು ತನ್ನ ಜೀವಮಾನದಲ್ಲಿ ಹಾಕಿರಲಿಲ್ಲ. ಆದರೆ ಅದಕ್ಕೆ ಪಾಲಿಶ್ ಹಾಕುವವರು ಯಾರು? ಈ ಪ್ರಶ್ನೆ ಬಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅವಳ ಕಪ್‌ಗೆ ಅವಳೇ ಪಾಲಿಶ್ ಹಾಕಬೇಕು, ಬೇರೆ ದಾರಿ ಇರಲಿಲ್ಲ. ಬೆಸುಗೆಯಣ್ಣ ಅದನ್ನು ಉಳಿದ ಸಾಮಾನಿನ ನಡುವೆ ಸೇರಿಸಿ ಒಳಗೆ ಇಟ್ಟ.

"ಯಾರದಪ್ಪಾ ಇದು?" ಎಂದು ಅವಳು ಕೇಳಿದಳಂತೆ.

"ಯಾವನೋ ಕ್ಲಬ್ಬಿನವನದು."

"ಮೀಸೆ ಇರೋನಾ?"

ಬೈದುಕೊಂಡೇ ಉಜ್ಜಿದಳು. ಬೇರೆಯವರದಕ್ಕೆ ಹೇಗೋ ಇದಕ್ಕೂ ಹಾಗೇ, ಹೆಚ್ಚಲ್ಲ, ಕಡಿಮೆಯಲ್ಲ.

ಇನ್ನು ಉಳಿದದ್ದು ಮಾತು. ಕಪ್ ಮೇಲೆ ಏನು ಕೆತ್ತುವುದು? ಅಕ್ಷರದ ಮಾವನ ಮೇಜಿನ ಸುತ್ತ ಗುಟ್ಟಿನ ಸಭೆ ಸೇರಿತು. ಸಣ್ಣ ಯಜಮಾನ "ಅನುಪಮ ಸೇವೆ" ಎಂದ. ಅಕ್ಷರದ ಮಾವ ತಲೆ ಅಲ್ಲಾಡಿಸಿದರು. ಅನುಪಮವನ್ನು ಮೊನ್ನೆ ತಾನೇ ವಿಮೆ ಏಜೆಂಟನಿಗೆ ಕೆತ್ತಿದ್ದರು. ಹಾಗಾದರೆ "ನಿಸ್ವಾರ್ಥ"? ಅದು ನೀರಿನ ತೆರಿಗೆ ವಸೂಲಿ ಮಾಡುವವನಿಗೆ ಹೋಗಿತ್ತು. "ದಣಿವರಿಯದ"? ಮಧ್ಯಾಹ್ನವೆಲ್ಲ ಕುರ್ಚಿಯಲ್ಲೇ ನಿದ್ದೆ ಹೊಡೆಯುವ ಒಬ್ಬ ಗ್ರಂಥಪಾಲಕರಿಗೆ. "ಮರೆಯಲಾಗದ" ಅನ್ನುವುದನ್ನು ಕೆತ್ತಿಸಿದವರು ಸಾಮಾನು ತೆಗೆದುಕೊಂಡು ಹೋಗುವುದನ್ನೇ ಮರೆತು, ಅದು ಇನ್ನೂ ನಮ್ಮ ಅಟ್ಟದ ಮೇಲಿತ್ತು. ಒಳ್ಳೆಯ ಮಾತುಗಳನ್ನೆಲ್ಲ ನಾವು ಕಂಡ ಕಂಡವರಿಗೆ ಮಾರಿ ಮುಗಿಸಿದ್ದೆವು.

"ಕೊಂಕಕ್ಕ ಹೇಳಲಿ," ಎಂದರು ಅಕ್ಷರದ ಮಾವ. "ಅವಳ ಕೆಲಸವನ್ನ ದಿನಾ ನೋಡಿರೋದು ಇವಳೊಬ್ಬಳೇ. ಮೆರುಗೆಣ್ಣೆ ಹೊಡೆಯೋ ಮುಂಚೆ ಹೇಳಮ್ಮ. ಆಮೇಲೆ ನಾನು ಸೂಜಿ ತಾಗಿಸೋದಿಲ್ಲ."

"ಹೇಳ್ತೀನಿ," ಎಂದೆ. ನಾಳೆ ಹೇಳ್ತೀನಿ, ನಾಡಿದ್ದು ಹೇಳ್ತೀನಿ ಎಂದೆ. ಮನೆಗೆ ಹೋದರೆ ಅಲ್ಲೂ ಅದೇ ಯೋಚನೆ. ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದುದನ್ನು ಕಂಡು ನನ್ನ ಗಂಡ ವಿಷಯ ಕೇಳಿದರು. ಹೇಳಿದೆ.

"ಹೋಗಬೇಡ ಅಂತ ನೀನು ಅಂದೆಯಾ?"

"ನಾನ್ಯಾಕೆ ಅನ್ಲಿ? ಅವಳಿಗೆ ಗೊತ್ತಿಲ್ವಾ?"

ಅವರು ನಕ್ಕರು. "ನನಗೇ ಗೊತ್ತಾಗೋಕೆ ಎಷ್ಟು ವರ್ಷ ಬೇಕಾಯ್ತು! ನೀನು ಉಪ್ಪು ಜಾಸ್ತಿ ಅಂದ್ರೆ ಜಾಸ್ತಿ, ಸೀದುಹೋಗಿದೆ ಅಂದ್ರೆ ಸೀದಿದೆ. ಸುಮ್ಮನೆ ಉಂಡು ಎದ್ರೆ ಆ ದಿನ ಅಡುಗೆ ಚೆನ್ನಾಗಿತ್ತು ಅಂತ ಲೆಕ್ಕ. ನಾನು ಹಿತ್ತಲಿಗೆ ಹೋಗಿ ಒಬ್ನೇ ಖುಷಿಪಟ್ಟು ಬರ್ತೀನಿ. ಎಲ್ಲರಿಗೂ ಅಷ್ಟು ತಾಳ್ಮೆ ಇರಲ್ಲ ಕಣೇ."

ನಾನು ಏನೂ ಹೇಳದೆ ಉಂಡು ಎದ್ದೆ. ಆಮೇಲೆ ಬಾಗಿಲ ಸಂದಿನಿಂದ ನೋಡಿದರೆ ಮನುಷ್ಯ ನಿಜಕ್ಕೂ ಹಿತ್ತಲಲ್ಲಿ ನಿಂತು ನಗುತ್ತಿದ್ದರು. ನನಗೆ ಅಳು ಬಂತು.

ಅವಳ ಕೊನೆಯ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಅಕ್ಷರದ ಮಾವ ಸೂಜಿ ಹಿಡಿದು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಅವರು ಕಾದರು, ಕೆಮ್ಮಿದರು, ಕೊನೆಗೆ ಕೈಚೆಲ್ಲಿ ಕಪ್ ಅನ್ನು ಬೆಸುಗೆಯಣ್ಣನ ಕಡೆ ತಳ್ಳಿದರು. ಅವನು ಒಂದಕ್ಷರವೂ ಇಲ್ಲದ ಅದರ ಮೈಗೆ ಮೆರುಗೆಣ್ಣೆ ಹೊಡೆದು, ಬುಡಕ್ಕೆ ಬಟ್ಟೆ ಸುತ್ತಿ ನನ್ನ ಮೇಜಿನ ಮೇಲಿಟ್ಟ.

"ಇನ್ನೂ ಹಸಿ ಇದೆ, ಹುಷಾರು," ಎಂದ.

ನಾನು ಕೈಗವಸು ಏರಿಸಿ, ಎಂದಿನಂತೆ ಬೆಳಕಿಗೆ ಹಿಡಿದೆ. ಕೊಂಕು ಹುಡುಕಿದೆ. ನಿಜ ಹೇಳಬೇಕೆಂದರೆ, ಒಂದು ಸಿಕ್ಕರೆ ಸಾಕಪ್ಪಾ ಅನ್ನಿಸಿತ್ತು. ಕಿವಿಯ ಸಂದಿ ನೋಡಿದೆ, ಬಾಯಂಚು ನೋಡಿದೆ, ಬುಡ ನೋಡಿದೆ. ಎಲ್ಲೂ ಏನೂ ಇರಲಿಲ್ಲ. ಕಪ್‌ನಲ್ಲಿ ಕಿಟಕಿ ಕಾಣುತ್ತಿತ್ತು, ಕೆಂಪು ಚೀಟಿಗಳ ಕಟ್ಟು ಕಾಣುತ್ತಿತ್ತು, ನಡುವೆ ತುಟಿ ಬಿಗಿದುಕೊಂಡ ಒಬ್ಬ ಮುದುಕಿಯ ಮುಖ. ಆ ಮೀಸೆಯವನಿಗೆ ಕಂಡದ್ದಕ್ಕಿಂತ ಹೆಚ್ಚೇನೂ ಇಷ್ಟು ವರ್ಷ ನನಗೂ ಕಂಡಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಮಿತಿಯಿಲ್ಲ.

ಬಲಗೈಯ ಗವಸು ಕಿತ್ತೆ. ಹಸಿ ಮೆರುಗಿನ ನಟ್ಟನಡುವೆ, ಮಾತು ಇರಬೇಕಾದ ಜಾಗದಲ್ಲಿ, ಹೆಬ್ಬೆರಳು ಇಟ್ಟು ಒತ್ತಿದೆ. ಒಳಗಿನಿಂದ "ಕೈ!" ಎಂಬ ಕೂಗು ಬರುತ್ತದೆಂದು ಕಿವಿ ನೆಟ್ಟು ಕಾದೆ. ಅವಳು ಸಾಮಾನು ಕಟ್ಟಿಕೊಳ್ಳುತ್ತಿದ್ದಳು, ಚಕ್ರ ನಿಂತಿತ್ತು.

ಸಂಜೆ ಎಲ್ಲರೂ ಸೇರಿದೆವು. ಸಣ್ಣ ಯಜಮಾನ ಭಾಷಣಕ್ಕೆ ನಿಂತ. ಮೊದಲ ವಾಕ್ಯಕ್ಕೇ ಭಾಷಣ ಬಿಟ್ಟು ಕಪ್ ಅನ್ನು ಅವಳ ಕಡೆ ಚಾಚಿದ. ಅವಳು ಬಟ್ಟೆಯಲ್ಲಿ ಹಿಡಿದುಕೊಂಡಳು. "ಇದು ಆ ಮೀಸೆಯವನದಲ್ವಾ?" ಎಂದಳು. ಬೆಸುಗೆಯಣ್ಣ ಅಲ್ಲ ಎಂದು ತಲೆಯಾಡಿಸಿದ. ಅವಳಿಗೆ ನಿಧಾನವಾಗಿ ಅರ್ಥವಾಯಿತು. ಅರ್ಥವಾದರೂ ನಮ್ಮೆಲ್ಲರ ಹಾಗೆ ಅವಳೂ ಮೊದಲು ಮಾಡಿದ್ದು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ್ದೇ.

"ಕೈ!" ಎಂದು ಕಿರುಚಿದಳು. "ಯಾರದಿದು ಕೈ?"

ಅವಳು ಕನ್ನಡಕ ಸರಿಸಿ ಇನ್ನೂ ಹತ್ತಿರದಿಂದ ನೋಡಿದಳು. ನನ್ನ ಹೆಬ್ಬೆರಳಿನ ನಡುವೆ ಓರೆಯಾಗಿ ಒಂದು ಹಳೆಯ ಗಾಯದ ಗೆರೆ ಇದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಗಡಿನ ಅಂಚು ಕೊಯ್ದದ್ದು. ರಕ್ತ ನೋಡಿ ನಾನು ಬೆಪ್ಪಾಗಿ ನಿಂತಾಗ ಪಾಲಿಶ್ ಬಟ್ಟೆ ಹರಿದು ಕಟ್ಟಿದವಳು ಅವಳೇ.

"ನಿನ್ನದು," ಎಂದಳು.

"ಹೂಂ."

"ಗವಸು ಎಲ್ಲಿ ಹೋಗಿತ್ತು?"

"ತೆಗೆದೆ."

"ಯಾಕೆ?"

"ಕೆತ್ತಿಸೋಕೆ ಮಾತು ಸಿಗಲಿಲ್ಲ," ಎಂದೆ.

"ಚೀಟಿ ಯಾಕೆ ಅಂಟಿಸಿಲ್ಲ ಇದಕ್ಕೆ?"

"ಚೆನ್ನಾಗಿದೆ, ಅದಕ್ಕೆ." ಹೊರಗೆ ಬಂದದ್ದನ್ನು ಮತ್ತೆ ಒಳಗೆ ತಳ್ಳಲು ಆಗಲಿಲ್ಲ. "ಚೆನ್ನಾಗಿದೆ ಕಣೇ. ಎಲ್ಲಾನೂ ಚೆನ್ನಾಗಿತ್ತು. ಮೊದಲ್ನೇದರಿಂದ. ನಾನು ದಿನಾ ನೋಡ್ತಿದ್ದೆ. ಹೋಗಬೇಡ."

ಅಕ್ಷರದ ಮಾವ ಭೂತಗನ್ನಡಿ ಒರೆಸಿಕೊಳ್ಳತೊಡಗಿದರು. ಪ್ಯಾಕಿಂಗ್‌ನವಳು ಯಾಕೋ ಏನೋ ಓಡಿಹೋಗಿ ಗಂಟೆ ಬಾರಿಸಿದಳು. ಬೆಸುಗೆಯಣ್ಣ ಕೈ ತೊಳೆಯಲು ಎರಡು ಹೆಜ್ಜೆ ಇಟ್ಟು, ನೆನಪಾಗಿ ನಿಂತ.

ಪಾಲಿಶಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮುಖದ ಕಪ್ಪು ಪುಡಿಯೆಲ್ಲ ಒಂದಾಯಿತು. ಆಮೇಲೆ ತನ್ನ ಎಂದಿನ ಗದರುವ ದನಿಯಲ್ಲಿ, "ಹೆಬ್ಬೆಟ್ಟು ಒತ್ತಿದ ಸಾಮಾನು ನನ್ನ ಕೈಯಿಂದ ಹೊರಗೆ ಹೋಗೋದಿಲ್ಲ," ಎಂದಳು. ನನ್ನ ಮೇಜಿಗೆ ಬಂದು, ಕಟ್ಟಿನಿಂದ ಒಂದು ಕೆಂಪು ಚೀಟಿ ಕಿತ್ತು ಕಪ್‌ನ ಬುಡಕ್ಕೆ ಅಂಟಿಸಿ, ವಾಪಸ್ ಬುಟ್ಟಿಯಲ್ಲಿಟ್ಟಳು. "ಮೆರುಗು ಬಿಡಿಸಿ ಮತ್ತೆ ಮೊದಲಿಂದ ಉಜ್ಜಬೇಕು. ನಾಳೆ ಬಂದು ಮಾಡ್ತೀನಿ."

"ನಾಳೆನಾ?" ಸಣ್ಣ ಯಜಮಾನ ಕಣ್ಣರಳಿಸಿದ. "ಆದ್ರೆ ಇವತ್ತು ನಿಮ್ಮ ಕೊನೆ..."

ಬೆಸುಗೆಯಣ್ಣ ಅವನ ಕಾಲು ತುಳಿದ.

ಮರುದಿನ ಅವಳು ಬಂದಳು. ಬಂದವಳು ಬೇರೆ ಸಾಮಾನು ಹಿಡಿದು ಕೂತಳು. ಶಾಲೆಯೊಂದರ ಪದಕಗಳು ಅರ್ಜೆಂಟಾಗಿ ಹೋಗಬೇಕಿತ್ತು. ಅದಾದ ಮೇಲೆ ಈಜುಕೊಳದವರದು. ಚೌಕದ ಅಂಗಡಿಯವರು ಫೋನ್ ಮಾಡಿದಾಗ, "ಒಂದು ಸಾಮಾನು ಬಾಕಿ ಇದೆ, ಮುಗಿಸಿಕೊಂಡು ಬರ್ತೀನಿ," ಎಂದಳು. ಅವರು ಎರಡು ಮೂರು ಸಲ ವಿಚಾರಿಸಿ ಸುಮ್ಮನಾದರು. ಸಣ್ಣ ಯಜಮಾನ ಈಗ ಅದೇ ತರಬೇತಿ ಶಿಬಿರಕ್ಕೆ ಹೋಗಿ, ಗಂಟೆ ಮತ್ತು ಹೂಕುಂಡಗಳಿಂದ ಕೆಲಸಗಾರರನ್ನು ಉಳಿಸಿಕೊಂಡದ್ದು ಹೇಗೆ ಎಂದು ಭಾಷಣ ಮಾಡಿ ಬರುತ್ತಾನೆ. ಅವನ ಖುಷಿಗೆ ನಾವು ಅಡ್ಡ ಬಂದಿಲ್ಲ.

ನಾನೂ ಒಮ್ಮೊಮ್ಮೆ ಸಾಮಾನು ಪ್ಯಾಕಿಂಗ್ ಕಡೆ ತಳ್ಳುವಾಗ, ಗೋಡೆಯಾಚೆಗೆ ಕೇಳುವಂತೆ, "ಚೆನ್ನಾಗಿದೆ!" ಎಂದು ಕೂಗುತ್ತೇನೆ. "ಬಾಯಿ ಮುಚ್ಕೊಂಡು ಕೆಲಸ ನೋಡು!" ಎಂದು ಒಳಗಿನಿಂದ ಉತ್ತರ ಬರುತ್ತದೆ. ಮನೆಯಲ್ಲೂ ಒಂದು ಸಲ ಹೇಳಿದೆ. ನನ್ನ ಗಂಡ ಗಾಬರಿಯಾಗಿ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದರು.

ಆ ಕಪ್ ಇನ್ನೂ ವಾಪಸ್ ಬುಟ್ಟಿಯ ತಳದಲ್ಲಿದೆ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು. ಬುಟ್ಟಿ ಗುಡಿಸುವ ದಿನ ಪಾಲಿಶಮ್ಮ ಅದನ್ನು ಹೊರಗೆ ತೆಗೆದು, ಉಫ್ ಎಂದು ಧೂಳು ಊದಿ, ಹೆಬ್ಬೆಟ್ಟಿನ ಗುರುತಿಗೆ ಬಟ್ಟೆ ತಾಗದ ಹಾಗೆ ಜೋಪಾನವಾಗಿ ಒರೆಸಿ, "ಇದೊಂದನ್ನ ಬೇಗ ಮುಗಿಸಿಬಿಡಬೇಕು," ಎಂದು ಗೊಣಗುತ್ತಾ ಮತ್ತೆ ಅಲ್ಲೇ ಇಡುತ್ತಾಳೆ. ಅಂಟು ಒಣಗಿ ಕೆಂಪು ಚೀಟಿ ಉದುರಿದಾಗಲೆಲ್ಲ ನಾನು ಹೊಸದೊಂದು ಅಂಟಿಸುತ್ತೇನೆ.